ಮೇಲಿನಿಂದ ಕಾಣದ ಮನೆ

ತನ್ನ ಮನೆಯನ್ನು ಒಂದು ಸಲ ಮೇಲಿನಿಂದ ನೋಡಬೇಕೆಂಬ ಆಸೆ ಹುಟ್ಟದೇ ಇದ್ದಿದ್ದರೆ ಮೀಟರಪ್ಪನ ಪಾಡು ಹೀಗಾಗುತ್ತಿರಲಿಲ್ಲ.

ಅವನ ನಿಜವಾದ ಹೆಸರು ಅದಲ್ಲ. ಇಪ್ಪತ್ತೆರಡು ವರ್ಷಗಳಿಂದ ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದಿ ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಪರರ ಗೋಡೆಗಳ ಪೆಟ್ಟಿಗೆಯೊಳಗೆ ಇಣುಕಿ ಇಣುಕಿ ಅವನ ಕುತ್ತಿಗೆ ಎಡಕ್ಕೆ ವಾಲಿಕೊಂಡಿತ್ತು. ಎದುರಿಗೆ ನಿಂತವರಿಗೆ, ತಾವು ಹೇಳಿದ್ದನ್ನು ಇವನು ನಂಬುತ್ತಿಲ್ಲವೇನೋ ಎನಿಸುತ್ತಿತ್ತು.

ಮನೆ ಇದ್ದುದು ವಿಮಾನ ನಿಲ್ದಾಣದ ಕಾಂಪೌಂಡಿಗೆ ಅಂಟಿಕೊಂಡ ಬೀದಿಯಲ್ಲಿ. ಇಳಿಯುವ ಪ್ರತಿಯೊಂದು ವಿಮಾನವೂ ಅವನ ಮಾಳಿಗೆಯನ್ನು ಸವರಿಕೊಂಡೇ ಹೋಗುತ್ತಿತ್ತು. ಅಡುಗೆಮನೆಯ ಪಾತ್ರೆಗಳು ಗಡಗಡ ನಡುಗುತ್ತ ಹಲಗೆಯ ಅಂಚಿಗೆ ನಡೆದುಬರುತ್ತಿದ್ದವು. ಹೆಂಡತಿ ದಿನಕ್ಕೆರಡು ಸಲ ಅವನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಆ ಸದ್ದಿಗೆ ಅವಳಿಗೆ ತಲೆನೋವು ಹಿಡಿದು ಆರು ವರ್ಷವಾಗಿತ್ತು. ಡಾಕ್ಟರು ಮಾತ್ರೆ ಬರೆದು ಬರೆದು ಸಾಕಾಗಿ, ಕೊನೆಗೆ ಚೀಟಿಯ ಮೇಲೆ "ಬೇರೆ ಮನೆ" ಎಂದಷ್ಟೇ ಬರೆದು ಕಳಿಸಿದ್ದರು. ಆ ಚೀಟಿ ಹಿಡಿದುಕೊಂಡು ಯಾವ ಅಂಗಡಿಗೆ ಹೋಗಬೇಕೆಂದು ಮೀಟರಪ್ಪನಿಗೆ ತಿಳಿದಿರಲಿಲ್ಲ.

ಇಷ್ಟೊಂದು ವಿಮಾನಗಳ ಹೊಟ್ಟೆ ನೋಡಿದ್ದರೂ ಅವನು ಒಂದನ್ನೂ ಹತ್ತಿದವನಲ್ಲ. "ಅಷ್ಟು ಜನ ದಿನಾ ನಮ್ಮ ಮನೇನ ಮೇಲಿಂದ ನೋಡ್ತಾರೆ. ನಾವು ಮಾತ್ರ ನೋಡಿಲ್ಲ" ಎಂದು ಒಮ್ಮೆ ಬಾಯಿ ತಪ್ಪಿ ಭಾವಮೈದುನನ ಮುಂದೆ ಅಂದುಬಿಟ್ಟ. ಭಾವಮೈದುನ ಕಂಪ್ಯೂಟರ್ ರಿಪೇರಿ ಅಂಗಡಿಯವನು. ಮೀಟರಪ್ಪನ ವಾರದ ರಜೆಯ ದಿನ ಬೆಳಿಗ್ಗೆ ಒಂದು ಹಳೆಯ ಕಂಪ್ಯೂಟರು, ಎರಡು ಸ್ಪೀಕರು, ಕಾರಿನ ಗೇರಿನ ಹಾಗಿದ್ದ ಒಂದು ಕೋಲು ಹೊತ್ತುಕೊಂಡು ಬಂದೇಬಿಟ್ಟ.

"ಭಾವ, ಇದರಲ್ಲಿ ವಿಮಾನ ಹಾರಿಸಬಹುದು, ಬರೀ ಆಟ ಅಂದ್ಕೋಬೇಡಿ. ಪೈಲಟ್‌ಗಳೂ ಮನೇಲಿ ಇದರ ಮೇಲೇ ಕೈ ಪಳಗಿಸ್ಕೊಳ್ತಾರಂತೆ. ಈಗ ಹೊರಗೆ ಯಾವ ಹವೆ ಇದೆಯೋ ಒಳಗೂ ಅದೇ ಹವೆ. ಈಗಿನ ಗಂಟೇನೇ ಅಲ್ಲೂ ಗಂಟೆ. ರಸ್ತೆ, ಕೆರೆ, ಮನೆ, ಒಂದೂ ಬಿಟ್ಟಿಲ್ಲ."

ಪರದೆಯ ಮೇಲೆ ವಿಮಾನದ ಮೂತಿಯ ಒಳಭಾಗ ಮೂಡಿತು. ನೂರಾರು ಗುಂಡಿಗಳು, ಮುಳ್ಳುಗಳು. ಮೀಟರಪ್ಪನಿಗೆ ಮೊದಲು ಕಂಡದ್ದು ಮುಳ್ಳುಗಳೇ. ಅಭ್ಯಾಸ ಬಲದಿಂದ ಜೇಬಿನ ಪೆನ್ನಿಗೆ ಕೈ ಹಾಕಿದ. ಭಾವಮೈದುನ ಎಂಜಿನ್ ಚಾಲೂ ಮಾಡಿದಾಗ ಮೇಜು ನಡುಗಿತು, ಮೇಜಿನ ಮೇಲಿದ್ದ ಲೋಟ ನಡುಗಿತು. ಮೀಟರಪ್ಪ ಕುರ್ಚಿಯ ಅಂಚು ಹಿಡಿದುಕೊಂಡ.

"ಬೆಲ್ಟ್ ಇಲ್ವೇನಯ್ಯ?"

"ಕುರ್ಚಿಗೆ ಎಲ್ಲಿ ಬೆಲ್ಟ್ ಭಾವ?"

ಮೀಟರಪ್ಪ ಟವೆಲು ತಂದು ಹೊಟ್ಟೆಗೂ ಕುರ್ಚಿಗೂ ಸೇರಿಸಿ ಗಂಟು ಹಾಕಿಕೊಂಡ. ವಿಮಾನ ಓಡಿತು. ಮೂತಿ ಮೇಲೆದ್ದಿತು. ಅದರ ಜೊತೆಗೆ ಅವನೂ ಹಿಂದಕ್ಕೆ ವಾಲಿದ, ವಾಲಿ ಕುರ್ಚಿ ಸಮೇತ ಅಂಗಾತ ಬಿದ್ದ. ಕಟ್ಟಿಕೊಂಡ ಟವೆಲಿನಿಂದಾಗಿ ಏಳಲೂ ಆಗದೆ, ಮಗುಚಿದ ಆಮೆಯ ಹಾಗೆ ಕೈಕಾಲು ಆಡಿಸತೊಡಗಿದ. ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿತು. "ಇದೇನ್ರೀ, ವಿಮಾನ ಇವತ್ತು ಇಷ್ಟು ಕೆಳಗೆ ಬಂತು?"

ಎತ್ತಿ ಕೂರಿಸಿದ ಮೇಲೆ ವಿಮಾನ ಬಲಕ್ಕೆ ಹೊರಳಿತು. ಭೂಮಿ ಓರೆಯಾಯಿತು. ಮೀಟರಪ್ಪ ಬಾಯಿಗೆ ಕೈ ಅಡ್ಡ ಹಿಡಿದ. ಕುರ್ಚಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಚ್ಚಲಿಗೆ ಓಡಿದ. ಭಾವಮೈದುನನಿಗೆ ಸಂತೋಷವೋ ಸಂತೋಷ. "ನೋಡಿದ್ರಾ ಭಾವ, ಎಷ್ಟು ಅಸಲಿ ಇದೆ."

ಹೆಂಡತಿ ಬಂದು ನೋಡುವ ಹೊತ್ತಿಗೆ ಪರದೆಯೊಳಗಿನ ವಿಮಾನದ ಗಾಜಿನ ಮೇಲೆ ಮಳೆಹನಿ ಬೀಳುತ್ತಿತ್ತು. ಅವಳು ಒಣಹಾಕಿದ ಬಟ್ಟೆ ನೆನಪಾಗಿ ಮಾಳಿಗೆಗೆ ಓಡಿದಳು. ಹೊರಗೆ ಒಂದು ಹನಿಯೂ ಇರಲಿಲ್ಲ. ಪೆಚ್ಚಾಗಿ, ಬಟ್ಟೆಯ ರಾಶಿ ಹೊತ್ತು ಇಳಿದುಬಂದಳು. ಐದು ನಿಮಿಷಕ್ಕೆ ಸರಿಯಾಗಿ ಹೊರಗೂ ಮಳೆ ಬಂತು. ಅಂದಿನಿಂದ, ಅಲ್ಲ, ಆ ಗಳಿಗೆಯಿಂದ ಆ ಪೆಟ್ಟಿಗೆ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಅನುಮಾನಿಸಲಿಲ್ಲ. ತೊಂದರೆಯಾದದ್ದು ಅದರಿಂದಲೇ.

ಬಾಯಿ ತೊಳೆದುಕೊಂಡು ಬಂದ ಮೀಟರಪ್ಪ ವಿಮಾನವನ್ನು ತನ್ನ ಬೀದಿಯ ಮೇಲೆ ತಂದ. ನೀರಿನ ಟ್ಯಾಂಕು ಬಂತು. ಬೇಕರಿ ಬಂತು. ಪಕ್ಕದ ಮನೆಯ ಟೈಲರು ಸೋರುವ ಮಾಳಿಗೆಗೆ ಹೊದಿಸಿದ್ದ ನೀಲಿ ಪ್ಲಾಸ್ಟಿಕ್ ಹಾಳೆ ಬಂತು. ಅದರ ಪಕ್ಕದಲ್ಲಿ ಹುಲ್ಲು ಬಂತು.

ಇನ್ನೊಂದು ಸುತ್ತು ಹೊಡೆದ. ಮತ್ತೆ ಹುಲ್ಲು. ಅಚ್ಚುಕಟ್ಟಾದ ಹಸಿರು ಹುಲ್ಲು, ನಡುವೆ ಒಂದು ತೆಳ್ಳಗಿನ ಕಂಬ, ಕಂಬದ ತುದಿಯಲ್ಲಿ ಕೆಂಪು ದೀಪ. ಮನೆ ಇರಲಿಲ್ಲ.

"ನಮ್ಮನೆ ಎಲ್ಲೋ?" ಎಂದ ಮೀಟರಪ್ಪ.

ಭಾವಮೈದುನ ಕನ್ನಡಕ ಒರೆಸಿಕೊಂಡು ನೋಡಿದ. ಹೆಂಡತಿ ಸೆರಗಿನಿಂದ ಪರದೆಯನ್ನೇ ಒರೆಸಿ ನೋಡಿದಳು. ಹುಲ್ಲು ಹೋಗಲಿಲ್ಲ.

ಸುದ್ದಿ ಹೇಗೆ ಹೊರಬಿತ್ತೋ, ಅರ್ಧ ಗಂಟೆಯಲ್ಲಿ ಕೋಣೆಯ ತುಂಬ ಬೀದಿಯವರು. ಟೈಲರು ಕೊರಳಲ್ಲಿದ್ದ ಅಳತೆಪಟ್ಟಿಯ ಸಮೇತ ಬಂದ. ಎದುರುಮನೆಯ ಅಜ್ಜಿ ಊರುಗೋಲು ಸಮೇತ ಬಂದಳು. ಮೂಲೆಮನೆಯ 'ಲಾಯರು' ಬಂದರು. ಅವರು ಲಾಯರಲ್ಲ, ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟಾಗಿದ್ದವರು. ನಿವೃತ್ತಿಯಾದ ಮೇಲೆ ಊರಿನ ಎಲ್ಲ ವಿಷಯದ ಮೇಲೂ ಅರ್ಜಿ ಬರೆಯುತ್ತಿದ್ದರು. ಇದುವರೆಗೆ ಒಂದಕ್ಕೂ ಉತ್ತರ ಬಂದಿರಲಿಲ್ಲ.

ಎಲ್ಲರೂ ಮೊದಲು ತಂತಮ್ಮ ಮನೆ ನೋಡಿಕೊಂಡರು. ಅಜ್ಜಿಗೆ ಮಾಳಿಗೆಯ ಮೇಲಿದ್ದ ತನ್ನ ಮುರುಕು ಮಂಚ ಕಂಡು ಕಣ್ಣಲ್ಲಿ ನೀರು ಬಂತು. ಆಮೇಲೆ ಎಲ್ಲರೂ ಮೀಟರಪ್ಪನ ಕಡೆ ತಿರುಗಿ, ಆಸ್ಪತ್ರೆಯ ಮಂಚದ ಸುತ್ತ ನಿಂತವರ ಮುಖ ಮಾಡಿದರು.

"ಇದು ಸಣ್ಣ ವಿಷಯ ಅಲ್ಲ" ಎಂದರು ಲಾಯರು. "ಮನೆ ಕಾಗದಪತ್ರ ಸರಿಯಾಗಿದೆ ತಾನೆ?"

"ಇದೆ ಸಾರ್."

"ಇದೆ ಅಂತ ನೀವು ಹೇಳ್ತೀರಿ. ಅದು ಇಲ್ಲ ಅಂತ ಹೇಳ್ತಿದೆಯಲ್ಲ."

"ಮಳೆ ಬರೋದು ಐದು ನಿಮಿಷ ಮುಂಚೆ ಹೇಳ್ತಂತೆ" ಎಂದಳು ಅಜ್ಜಿ ಮೆಲ್ಲಗೆ. "ಇದೆಷ್ಟು ದಿನ ಮುಂಚೆ ಹೇಳ್ತಿದೆಯೋ."

ಆ ಮಾತಿಗೆ ಮೀಟರಪ್ಪನ ಹೆಂಡತಿ ಗೋಡೆ ಹಿಡಿದುಕೊಂಡಳು.

ಲಾಯರು ಅಲ್ಲೇ ಕುರ್ಚಿ ಎಳೆದುಕೊಂಡು ಆಕ್ಷೇಪಣಾ ಪತ್ರ ಟೈಪು ಮಾಡತೊಡಗಿದರು. ಅವರ ಬೆರಳು ಬಿದ್ದ ಕಡೆಯೆಲ್ಲ ಕಂಪ್ಯೂಟರಿನ ಗುಂಡಿಗಳು ಅಳುಕಿದವು. ತಲತಲಾಂತರದ ನೆಲೆ, ಜನ್ಮಸಿದ್ಧ ಹಕ್ಕು, ಕೊನೆಯುಸಿರಿನವರೆಗೂ ಹೋರಾಟ, ಎಲ್ಲ ಬಂತು. ಕೊನೆಗೆ "ಎಂತಹ ಆಮಿಷ ಒಡ್ಡಿದರೂ ಸದರಿ ಮನೆಯ ಒಂದು ಹಿಡಿ ಮಣ್ಣನ್ನೂ ಬಿಟ್ಟುಕೊಡಲಾರೆ" ಎಂದು ಬಂತು.

"ಸಾರ್, ಈ ಕೊನೇ ಸಾಲು ಬೇಡವೇನೋ" ಎಂದ ಮೀಟರಪ್ಪ. "ಇಲ್ಲಿಗೆ ಬಂದು ಹದಿನೆಂಟೇ ವರ್ಷ ಆಗಿದ್ದು. ತಲತಲಾಂತರ ಎಲ್ಲಿಂದ ಬಂತು? ಇನ್ನು ನಮಗೆ ಆಮಿಷ ಒಡ್ಡೋರು ಯಾರು?"

"ಆ ಸಾಲೇ ಅರ್ಜಿಯ ಬೆನ್ನೆಲುಬು. ನೀವು ಸುಮ್ನಿರಿ."

ಪತ್ರ ಇಮೇಲಿನಲ್ಲಿ ಆಟ ತಯಾರಿಸಿದ ಕಂಪನಿಗೆ ಹೋಯಿತು. ವಾಡಿಕೆಯಂತೆ ಲಾಯರು ಪ್ರತಿಗಳನ್ನು ಇನ್ನೂ ಐದು ಕಡೆಗೆ ಕಳಿಸಿದರು. ಅದರಲ್ಲೊಂದು ವಿಮಾನ ನಿಲ್ದಾಣದ ಕಚೇರಿಗೆ. ಆಗ ಗಂಟೆ ಎರಡೂವರೆ.

ಮಧ್ಯಾಹ್ನ ಕಳೆಯುವಷ್ಟರಲ್ಲಿ 'ಮನೆ ಕಾಣಿಸುತ್ತಿಲ್ಲ' ಎಂಬುದು ಬೀದಿಯ ಆ ತುದಿಗೆ ಹೋಗಿ 'ಮನೆ ಕೆಡವುತ್ತಾರಂತೆ' ಎಂದಾಗಿ ಈ ತುದಿಗೆ ವಾಪಸು ಬಂತು. ಹಾಲಿನವನು ನಾಳೆಯಿಂದ ಹಾಲು ನಿಲ್ಲಿಸಬೇಕೋ ಎಂದು ಕೇಳಿ ಹೋದ. ಟೈಲರು ಮುಂಬಾಗಿಲಿನ ಮರವನ್ನು ಬೆರಳಿನಿಂದ ತಟ್ಟಿ ನೋಡಿ, ಅಳತೆಪಟ್ಟಿ ಹಿಡಿದು ಅಗಲ ಗುರುತಿಸಿಕೊಂಡ.

"ಬೇಜಾರು ಮಾಡ್ಕೋಬೇಡಿ ಅಣ್ಣ. ಹೇಗೂ ಹೋಗೋದೇ ಆದ್ರೆ ಈ ಬಾಗಿಲು ನಂಗೆ ಕೊಡಿ. ಹೊರಗಿನವರ ಪಾಲಾಗೋದು ಬೇಡ."

ಮೀಟರಪ್ಪ ಬಾಗಿಲು ದಾಟಿ ಹೋದ. ಒಳಗೆ ಹೆಂಡತಿ ಟ್ರಂಕು ತೆಗೆದು ಬಟ್ಟೆ ಮಡಚಿಡುತ್ತಿದ್ದಳು. ಅಳುತ್ತಿರಲಿಲ್ಲ. ಅದೇ ಅವನಿಗೆ ಹೆಚ್ಚು ಸಂಕಟವಾದದ್ದು.

"ಎಲ್ಲಿಗೆ ಅಂತ ತುಂಬ್ತಿದ್ದೀಯೇ?"

"ಗೊತ್ತಿಲ್ಲ. ತುಂಬಿದ್ರೆ ಕೈಗೊಂದು ಕೆಲಸ."

ಅವನು ಹೊರಗೆ ಬಂದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ತನ್ನದೇ ಮನೆಯ ಮೀಟರಿನ ಪೆಟ್ಟಿಗೆ ತೆರೆದು, ಕುತ್ತಿಗೆ ವಾಲಿಸಿ ನೋಡಿದ. ಚಕ್ರ ತಿರುಗುತ್ತಿತ್ತು. ಚಕ್ರ ತಿರುಗುತ್ತಿದೆಯೆಂದರೆ ಮನೆ ಇದೆ. ಊರಿನಲ್ಲಿ ಇಷ್ಟು ಮನೆಗಳು ಇವೆಯೆಂದು ಬರೆದುಕೊಟ್ಟವನು ತಾನು. ತನ್ನದನ್ನು ಬರೆದುಕೊಡುವವರು ಯಾರೆಂದು ಯೋಚಿಸುತ್ತ, ಗೋಡೆಗೆ ಬೆನ್ನು ಕೊಟ್ಟು ಕುಳಿತ. ಗೋಡೆ ಬೆಚ್ಚಗಿತ್ತು. ಸುಣ್ಣ ಅಂಗಿಗೆ ಹತ್ತಿತು. ಇಷ್ಟು ದಿನ ಈ ಮನೆಯನ್ನು ಬೈದುಕೊಂಡೇ ಬಾಳಿದ್ದ. ಸೋರುತ್ತದೆ, ನಡುಗುತ್ತದೆ, ನಿದ್ದೆ ಕೊಡುವುದಿಲ್ಲ. ಈಗ ಯಾರೋ ಅದನ್ನು ಒರೆಸಿಹಾಕಿ ಹುಲ್ಲು ಹಾಸಿದ್ದಾರೆಂದ ಕೂಡಲೇ ಎದೆ ಕಿತ್ತುಬರುವ ಹಾಗಾಗಿತ್ತು.

ಐದೂವರೆಗೆ ಒಂದು ಜೀಪು ಬಂತು. ಕೈಯಲ್ಲಿ ಫೈಲು ಹಿಡಿದ ಅಧಿಕಾರಿಯೊಬ್ಬರು ಇಳಿದು, "ಆಕ್ಷೇಪಣೆ ಸಲ್ಲಿಸಿದವರು ಯಾರು?" ಎಂದು ಕೇಳಿದರು. ವಿಮಾನ ನಿಲ್ದಾಣದ ಕಚೇರಿಯವರು. ಬೀದಿ ಸುತ್ತ ನೆರೆಯಿತು. ಮೀಟರಪ್ಪ ಎದ್ದು ನಿಂತ.

"ನಾನೇ ಸಾರ್. ಅದು, ಆ ಆಟದಲ್ಲಿ ನಮ್ಮನೆ…"

"ಗೊತ್ತಾಯ್ತು. ಅದು ಆಟದವರ ತಪ್ಪಲ್ಲ. ನಮ್ಮ ಕಚೇರಿಯ ಹೊಸ ನಕ್ಷೆ ತಗೊಂಡು ಮಾಡಿದಾರೆ. ಅದರಲ್ಲಿ ನಿಮ್ಮ ಮನೆ ಆಗಲೇ ತೆಗೆದಿದ್ವಿ. ಇಳಿಯೋ ವಿಮಾನಕ್ಕೆ ದಾರಿ ತೋರಿಸೋ ದೀಪದ ಕಂಬ ಅಲ್ಲಿ ಬರಬೇಕಿತ್ತು."

ಹೆಂಡತಿ ಬಾಗಿಲಿಗೆ ಬಂದು ನಿಂತಳು. ಲಾಯರು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದರು. "ನೋಟೀಸು ಕೊಡದೆ ಹೇಗೆ ತೆಗೀತೀರಿ ಸ್ವಾಮಿ?"

"ಕೊಟ್ಟಿದ್ವಲ್ಲ. ಇಪ್ಪತ್ತು ದಿನದ ಹಿಂದೆ ಬಾಗಿಲಿಗೆ ಅಂಟಿಸಿ ಹೋಗಿದಾರೆ. ಹಳದಿ ಕಾಗದ."

"ಅದಾ?" ಎಂದಳು ಎದುರುಮನೆಯ ಅಜ್ಜಿ. "ಯಾವುದೋ ಜಾಹೀರಾತು ಅಂದ್ಕೊಂಡು ನಾನೇ ಕಿತ್ತು ಬಿಸಾಕಿದೆ. ಬಾಗಿಲು ಕೊಳಕಾಗಿ ಕಾಣ್ತಿತ್ತು."

ಅಧಿಕಾರಿ ಫೈಲು ತೆರೆದರು.

"ಇರಲಿ, ಚಿಂತೆ ಬೇಡ. ಆಕ್ಷೇಪಣೆಗೆ ಇವತ್ತು ಸಂಜೆ ಐದೇ ಕೊನೆ ಗಡುವು. ಇಡೀ ಯೋಜನೆಗೆ ಬಂದದ್ದು ನಿಮ್ಮದೊಂದೇ ಪತ್ರ. ಮೇಲಿನವರು ಓದಿದ್ರು. 'ಎಂತಹ ಆಮಿಷ ಒಡ್ಡಿದರೂ' ಅಂತ ಬರೆದಿದ್ದೀರಲ್ಲ, ಅದನ್ನ ಎರಡು ಸಲ ಓದಿದ್ರು. ಇವರನ್ನ ಏಳಿಸೋದು ಆಗದ ಮಾತು ಅಂತ ಅಲ್ಲೇ ತೀರ್ಮಾನ ಆಯ್ತು. ಇನ್ನು ನಿಮ್ಮ ಮನೇನ ಯಾರೂ ಮುಟ್ಟೋ ಹಾಗಿಲ್ಲ."

ಬೀದಿಯವರು ಚಪ್ಪಾಳೆ ತಟ್ಟಿದರು. ಲಾಯರು ಕಣ್ಣು ಒರೆಸಿಕೊಂಡರು. ಅವರ ಜೀವಮಾನದ ಮೊದಲ ಉತ್ತರ ಇದು. ಮೀಟರಪ್ಪ ಕೈ ಮುಗಿದ.

"ಇಲ್ಲೊಂದು ಸಹಿ ಹಾಕಿ" ಎಂದರು ಅಧಿಕಾರಿ. "ಬದಲಿ ಮನೆ ಬೇಡ ಅಂತ."

"ಯಾವ ಬದಲಿ ಮನೆ?"

"ನೋಟೀಸಿನಲ್ಲೇ ಇತ್ತಲ್ಲ. ಊರಾಚೆ ಕೆರೆ ಹತ್ತಿರ ಹೊಸ ಬಡಾವಣೆ. ಮೂರು ಕೋಣೆ, ಮುಂದೆ ಪುಟ್ಟ ತೋಟ. ಕಟ್ಟಿ ಮುಗಿದಿದೆ, ಬಣ್ಣಾನೂ ಬಳಿದಾಗಿದೆ. ನಿಮಗೆ ಅಂತ ಬೀಗದ ಕೈ ತೆಗೆದಿಟ್ಟಿದ್ವಿ. ಈಗ ಕಂಬ ಪಕ್ಕದ ಜಾಗಕ್ಕೆ ಹೋಗುತ್ತಲ್ಲ, ಆ ಹೊಸ ಮನೆ ಅಲ್ಲಿರೋರಿಗೆ ಹೋಗುತ್ತೆ." ಅವರು ಪಕ್ಕದ ಟೈಲರನ ಮನೆಯತ್ತ ಬೆರಳು ತೋರಿಸಿದರು.

ಟೈಲರು ಅಳತೆಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟ.

"ಸಾರ್" ಎಂದ ಮೀಟರಪ್ಪ. "ಆ ಪತ್ರ ವಾಪಸು ತಗೊಂಡ್ರೆ?"

"ಐದು ಗಂಟೆ ಆಗೋಯ್ತಲ್ಲ."

"ಕಂಬ ಎಲ್ಲಿ ಬರುತ್ತೆ ಸಾರ್?"

ಅಧಿಕಾರಿ ನಕ್ಷೆ ಬಿಡಿಸಿ, ಮೀಟರಪ್ಪ ಮಲಗುವ ಕೋಣೆಯ ಕಿಟಕಿಯಿಂದ ಆರು ಮಾರು ದೂರದಲ್ಲಿ ಬೆರಳಿಟ್ಟರು. "ಸ್ವಲ್ಪ ಮಿನುಗುತ್ತೆ. ಕತ್ತಲಾದಾಗಿನಿಂದ ಬೆಳಗಾಗೋವರೆಗೆ. ದಪ್ಪ ಪರದೆ ಹಾಕಿಸ್ಕೊಳ್ಳಿ."

ಮೀಟರಪ್ಪ ಪೆನ್ನು ಹಿಡಿದ. ಇಷ್ಟು ವರ್ಷ ಅಂಕಿ ಬರೆದ ಕೈಗೆ ಅಂದು ಹೆಸರು ಬರೆಯಲು ಹೊತ್ತು ಹಿಡಿಯಿತು. ಲಾಯರು ಸಾಕ್ಷಿಯ ಜಾಗದಲ್ಲಿ ಯಾರೂ ಕೇಳದೆಯೇ ಸಹಿ ಹಾಕಿದರು. ಇಂಥ ಗಟ್ಟಿ ಮನಸ್ಸಿನ ನಾಗರಿಕರು ಈಗ ಅಪರೂಪ ಎಂದು ಅಧಿಕಾರಿ ಅವನ ಕೈ ಕುಲುಕಿ ಜೀಪಿನತ್ತ ಹೊರಟರು.

"ಸಾರ್, ಒಂದು ನಿಮಿಷ" ಎಂದು ಹೆಂಡತಿ ಬಾಗಿಲಿನಿಂದಲೇ ಕರೆದಳು. ಅಧಿಕಾರಿ ತಿರುಗಿದರು.

"ಅಲ್ಲಿ ಸದ್ದು ಇದೆಯಾ?"

"ಎಲ್ಲಿ? ಆ ಬಡಾವಣೆಯಲ್ಲಾ? ಇಲ್ಲಮ್ಮ. ಎಷ್ಟು ನಿಶ್ಶಬ್ದ ಅಂದ್ರೆ ಮೊದಮೊದಲು ನಿದ್ದೇನೇ ಬರಲ್ಲ ಅಂತಾರೆ."

ಅವಳು ತಲೆಯಾಡಿಸಿದಳು. ಆಮೇಲೆ ಒಳಗೆ ಹೋಗಿ ಟ್ರಂಕಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಇಡತೊಡಗಿದಳು. ಮೀಟರಪ್ಪ ಹೊಸ್ತಿಲಲ್ಲಿ ನಿಂತು ನೋಡಿದ. ಹತ್ತಿರ ಹೋಗಿ ತಾನೂ ಒಂದು ಸೀರೆ ಎತ್ತಿಕೊಂಡು ಮಡಚಲು ನೋಡಿದ.

"ಇಡಿ" ಎಂದಳು ಅವಳು. "ನಿಮಗೆ ಬರಲ್ಲ."