ನಲವತ್ತೇ ನಿಮಿಷದ ದಾರಿ

ಅಡಿಪಟ್ಟಿರಾಯರಿಗೆ ಆ ಹೆಸರಿಟ್ಟದ್ದು ಕಚೇರಿಯವರು. ನಕ್ಷೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಗೆರೆ ಎಳೆದೂ ಎಳೆದೂ ಅವರು ಜಗತ್ತಿನ ದೂರವನ್ನೆಲ್ಲ ಅಡಿಪಟ್ಟಿಯಿಟ್ಟು ನೇರವಾಗಿಯೇ ಅಳೆಯುತ್ತಿದ್ದರು. ಹಿರಿಯ ನಕ್ಷೆಗಾರನ ಹುದ್ದೆಗೆ ಕೇಂದ್ರ ಕಚೇರಿಯಲ್ಲಿ ಮಧ್ಯಾಹ್ನ ಮೂರಕ್ಕೆ ಸಂದರ್ಶನವೆಂದು ಪತ್ರ ಬಂದಾಗಲೂ ಅಷ್ಟೇ. ‘ನಮ್ಮ ವಿಮಾನ ನಿಲ್ದಾಣದಿಂದ ನಿಮ್ಮದಕ್ಕೆ ಇನ್ನೂರ ಹತ್ತು ಕಿಲೋಮೀಟರ್, ಹಾರಾಟ ನಲವತ್ತೇ ನಿಮಿಷ, ತಪ್ಪದೆ ಬರುತ್ತೇನೆ’ ಎಂದು ಉತ್ತರ ಬರೆದು, ಸಾಹೇಬರ ಕಣ್ಣಿಗೆ ಬೀಳಲೆಂದು ಕೆಂಪು ಗೆರೆಯನ್ನೂ ಎಳೆದಿದ್ದರು.

ಅದೇ ಹುದ್ದೆಯ ಮೇಲೆ ಕಣ್ಣಿಟ್ಟಿದ್ದವನು ಪಕ್ಕದ ಮೇಜಿನ ಬಸ್ಸಣ್ಣ ಒಬ್ಬನೇ. “ಏಳರ ಬಸ್ಸಿಗೆ ಜೊತೆಗೇ ಹೋಗೋಣ ಬನ್ನಿ ಸಾರ್, ಆರೇ ಗಂಟೆ” ಎಂದು ಅವನು ಕರೆದ.

“ನೀನು ಕುಲುಕಾಡ್ಕೊಂಡು ಬಾ. ನಾನು ಹಾರ್ಕೊಂಡು ಬರ್ತೀನಿ.”

ರಾಯರಿಗೆ ಅದು ಮೊದಲ ವಿಮಾನ. ಹಿಂದಿನ ಸಂಜೆಯೇ ಪಕ್ಕದ ಮನೆಯ ಅಜ್ಜಿ ಬಂದು ಕೂತರು. “ಮೊಬೈಲು ಈಗ್ಲೇ ಆಫ್ ಮಾಡ್ಬಿಡಪ್ಪ. ಆನ್ ಇದ್ರೆ ವಿಮಾನ ದಾರಿ ತಪ್ಪುತ್ತಂತೆ.”

“ನಾಳೆ ಮಾಡಿದ್ರಾಯ್ತು ಅಜ್ಜಿ.”

“ಮರೆತ್ರೆ? ನಿನ್ನ ಜೊತೆ ಇನ್ನೂ ಎಪ್ಪತ್ತು ಜನ ಇರ್ತಾರೆ!”

ಹೆಂಡತಿಯೂ ಹೂಂಗುಟ್ಟಿದಳು. ರಾಯರು ಮೊಬೈಲು ಆಫ್ ಮಾಡಿ ಪೆಟ್ಟಿಯ ತಳದಲ್ಲಿ ಹೂತರು. ಅಜ್ಜಿಯ ಸಲಹೆಯಂತೆಯೇ ಹನ್ನೊಂದರ ವಿಮಾನಕ್ಕೆ ಬೆಳಗಿನ ಐದೂವರೆಗೇ ಮನೆ ಬಿಟ್ಟರು.

ವಿಮಾನ ಬಂದದ್ದು ಹನ್ನೆರಡಕ್ಕೆ. ಅದರಿಂದ ಇಳಿದು ಬಂದ, ನೀಲಿ ಛತ್ರಿ ಹಿಡಿದ ದಪ್ಪ ಮನುಷ್ಯರೊಬ್ಬರು ಬಾಗಿಲ ಬಳಿ ರಾಯರನ್ನೇ ಕೇಳಿದರು. “ಊರಿಗೆ ಎಷ್ಟು ದೂರ?”

“ಒಂಬತ್ತು ಕಿಲೋಮೀಟರ್. ನೇರ ಅಳೆದ್ರೆ.”

“ರಸ್ತೆಯಲ್ಲಿ?”

“ಮೂವತ್ತಾಗ್ಬಹುದು. ರಸ್ತೆ ಸೊಟ್ಟಗಿದ್ರೆ ಅದು ರಸ್ತೆ ತಪ್ಪು ಸ್ವಾಮಿ.”

ಆ ಮನುಷ್ಯರು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟರು.

ಹಾರಿದ್ದೇನೋ ನಲವತ್ತೇ ನಿಮಿಷ. ಆಮೇಲೆ ಪೆಟ್ಟಿಗೆ ಕಾದದ್ದು ಅರ್ಧ ಗಂಟೆ, ರೈಲು ಗೇಟಿನಲ್ಲಿ ಟ್ಯಾಕ್ಸಿ ನಿಂತದ್ದು ಇನ್ನರ್ಧ ಗಂಟೆ. ಕೊನೆಗೆ ಟ್ಯಾಕ್ಸಿ ಬಿಟ್ಟು, ಪೆಟ್ಟಿ ಹೊತ್ತು ಓಡಿ, ಮೂರಕ್ಕೆ ಎರಡು ನಿಮಿಷವಿರುವಾಗ ಕೇಂದ್ರ ಕಚೇರಿ ಮುಟ್ಟಿದರು. ಸಂದರ್ಶನದ ಕೋಣೆಗೆ ಬೀಗ. ಜವಾನ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ.

ಹೆಸರು ಹೇಳಿದ್ದೇ ತಡ, ಅವನು ಎದ್ದು ನಿಂತ. “ಅಯ್ಯೋ, ಆ ಕೆಂಪು ಗೆರೆಯೋರು ನೀವೇನಾ? ಇಬ್ರೂ ಅದೇ ಊರೋರು, ನಲವತ್ತೇ ನಿಮಿಷದ ದಾರಿಯಂತೆ, ಅವ್ರನ್ಯಾಕೆ ಓಡಾಡಿಸೋದು ಅಂತ ಸಾಹೇಬ್ರೇ ನಿಮ್ಮೂರಿಗೆ ಹೋದ್ರಲ್ಲ! ನೀಲಿ ಛತ್ರಿ ತಗೊಂಡು. ಬೆಳಿಗ್ಗೆ ಆರರಿಂದ ನಿಮ್ಗೆ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೀತು.”

ರಾಯರು ಅಲ್ಲೇ ಪೆಟ್ಟಿ ಬಗೆದು ಮೊಬೈಲು ತೆಗೆದು ಆನ್ ಮಾಡಿದರು. ಬಸ್ಸಣ್ಣನ ಸಂದೇಶಗಳು ಸಾಲುಗಟ್ಟಿದ್ದವು. ‘ಸಾರ್, ಹೊರಡಬೇಡಿ.’ ‘ಮನೆಗೂ ಬಂದಿದ್ದೆ, ಆಗಲೇ ಹೊರಟಿದ್ರಿ.’ ಕೊನೆಯದು ಈಗಷ್ಟೇ ಬಂದದ್ದು: ‘ಕ್ಷಮಿಸಿ ಸಾರ್, ಹುದ್ದೆ ನನಗೇ ಆಯ್ತು.’

“ವಾಪಸ್ ವಿಮಾನ ಎಷ್ಟು ಹೊತ್ತಿಗಪ್ಪಾ?”

“ಅದು ನಾಳೆ. ಸಾಹೇಬ್ರೂ ಬಸ್ಸಲ್ಲೇ ಬರ್ತಿದ್ದಾರೆ. ನಲವತ್ತು ನಿಮಿಷ ಅಂತ ಬರೆದೋರು ಸಿಕ್ರೆ ಕೂರಿಸ್ಕೊಂಡಿರು ಅಂದಿದ್ದಾರೆ.”

ರಾಯರು ಪೆಟ್ಟಿ ಎತ್ತಿಕೊಂಡರು. “ಬಸ್ ನಿಲ್ದಾಣ ಎಷ್ಟು ದೂರ?”

“ನೇರ ಅಳೆದ್ರೆ…” ಎಂದು ಜವಾನ ಶುರುಮಾಡಿದ.

“ರಸ್ತೇಲಿ ಹೇಳಪ್ಪಾ, ರಸ್ತೇಲಿ!”