ವೇಲ್ಸಿನ ಸಿ.ಡಿ. ಮತ್ತು ಅಲ್ ಬರ್ಷಾದ ಪಾರಿವಾಳಗಳು

ಯಾರು ಏನು ತೋರಿಸಿದರೂ ‘ಚೆನ್ನಾಗಿದೆ’ ಅಂದುಬಿಡುವ ಚಾಳಿ ನನ್ನದು. ಪೂರ್ತಿ ತೋರಿಸುವ ಮೊದಲೇ ಅಂದದ್ದೂ ಉಂಟು. ಇದು ರಕ್ತದಲ್ಲಿ ಬಂದದ್ದು. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯವರು ಪಿಟೀಲು ಕಲಿಯುತ್ತಿದ್ದರು. ಬೆಳಿಗ್ಗೆ ಅವರು ಕಮಾನು ಎಳೆದರೆ ನಮ್ಮ ಮನೆಯಲ್ಲಿ ಹಾಲು ಕಾಯಿಸುತ್ತಿದ್ದವರು ಒಲೆ ಬಿಟ್ಟು ಕಿಟಕಿ ಮುಚ್ಚಲು ಓಡುತ್ತಿದ್ದರು. ‘ಹೇಗೆ ಬರ್ತಾ ಇದೆ ರಾಯರೇ?’ ಎಂದು ಅವರು ಕೇಳಿದಾಗಲೆಲ್ಲ ನಮ್ಮ ತಂದೆ ‘ಕೈ ಪಳಗ್ತಾ ಇದೆ’ ಅನ್ನುತ್ತಿದ್ದರು. ಹನ್ನೊಂದು ವರ್ಷ ಹಾಗೇ ಅಂದರು. ಅವರ ಮಗ ನಾನು. ದುಬೈಗೆ ಬಂದ ಮೇಲೆ ಈ ಗುಣ ಇನ್ನಷ್ಟು ಬೆಳೆಯಿತು. ಇಲ್ಲಿ ಎಲ್ಲರೂ ಫೋನಿನಲ್ಲಿ ಊರಿನ ಹೊಸ ಮನೆಯ ಫೋಟೋ ತೋರಿಸುವವರೇ. ಪಾಯದ ಗುಂಡಿಗೂ ಚೆನ್ನಾಗಿದೆ ಅಂದಿದ್ದೇನೆ.

ಸಿಲಿಕಾನ್ ಓಯಸಿಸ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ರಿಸ್ ಎಂಬವರು ನನ್ನ ಮೇಲಧಿಕಾರಿಯಾಗಿದ್ದರು. ಇಂಗ್ಲಿಷಿನಲ್ಲಿ ಬರೀ ‘ರಿಸ್’ ಅನ್ನುತ್ತಿದ್ದೆ, ಕನ್ನಡದಲ್ಲಿ ಬರೆಯುವಾಗ ಬಹುವಚನ ತಾನಾಗಿಯೇ ಬರುತ್ತದೆ. ಅರವತ್ತರ ಹತ್ತಿರದ ಮನುಷ್ಯ, ಬೋಳುತಲೆ, ಮಾತು ಕಡಿಮೆ. ನಾನು ಸೇರಿದ ಮೊದಲ ವಾರವೇ ‘ನಿಮ್ಮ ಇಂಗ್ಲಿಷರ ಸಮಯಪಾಲನೆ ಅಂದರೆ...’ ಎಂದು ಹೊಗಳಲು ಹೋದೆ. ಅವರು ಮೆಲ್ಲಗೆ, ‘ನಾನು ಇಂಗ್ಲಿಷನಲ್ಲ, ವೇಲ್ಸಿನವನು’ ಅಂದರು. ಇಲ್ಲಿನ ದೇರಾ ಪೇಟೆಯ ಅಂಗಡಿಯಲ್ಲಿ ಯಾರಾದರೂ ನನ್ನನ್ನು ಮದ್ರಾಸಿ ಅಂದರೆ ಕೊತ್ತಂಬರಿ ಸೊಪ್ಪು ಕೊಳ್ಳುವುದನ್ನೂ ಬಿಟ್ಟು ಕರ್ನಾಟಕದ ಭೂಗೋಳ ಹೇಳುವವನು ನಾನು. ನಾಚಿಕೆಯಾಯಿತು. ಅದನ್ನು ಹೇಳಿಕೊಂಡೆ. ಅವರು ಜೋರಾಗಿ ನಕ್ಕರು. ಅಂದಿನಿಂದ ನಮಗೆ ಒಂದು ಬಗೆಯ ಸ್ನೇಹ.

ಆ ಸ್ನೇಹದ ಗುರುತಾಗಿ ಒಂದು ದಿನ ಅವರು ಒಂದು ಸಿ.ಡಿ. ತಂದು ನನ್ನ ಮೇಜಿನ ಮೇಲೆ ಇಟ್ಟರು. ಅವರ ಊರಿನ ಕಡೆಯ ರಾಕ್ ತಂಡವೊಂದರ ಮೊದಲ ಆಲ್ಬಂ. ಮುಖಪುಟದಲ್ಲಿ ಮೋಡ ಕವಿದ ಗುಡ್ಡ, ಅದರ ಕೆಳಗೆ ಮುಚ್ಚಿದ ಒಂದು ಕಾರ್ಖಾನೆ. ‘ಹತ್ತು ಹಾಡುಗಳಿವೆ. ಒಳಗಡೆ ಪುಟ್ಟ ಪುಸ್ತಕವೂ ಇದೆ. ಪುರುಸೊತ್ತಾದಾಗ ನೋಡಿ. ಜೋಪಾನ, ನನ್ನ ಹತ್ತಿರ ಇರುವುದು ಇದೊಂದೇ’ ಅಂದರು. ನಾನು ಸಂಧ್ಯಾವಂದನೆಯ ಪಂಚಪಾತ್ರೆಯನ್ನು ಇಸಿದುಕೊಳ್ಳುವವನಂತೆ ಎರಡೂ ಕೈಯಲ್ಲಿ ಇಸಿದುಕೊಂಡೆ.

ನಮ್ಮ ಮನೆಯಲ್ಲಿ ಸಿ.ಡಿ. ಹಾಕಲು ಯಂತ್ರವೇ ಇಲ್ಲ. ಲ್ಯಾಪ್‌ಟಾಪಿಗೆ ಆ ಕಿಂಡಿ ಇಲ್ಲ, ಕಾರಿಗೂ ಇಲ್ಲ. ಇದನ್ನು ಹೇಳಿ ವಾಪಸು ಕೊಡಬಹುದಿತ್ತು. ಫೋನಿನಲ್ಲಿ ಹುಡುಕಿ ಕೇಳಬಹುದಿತ್ತು. ಎರಡನ್ನೂ ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕೇಳುವುದು ಬೇಕಿರಲಿಲ್ಲ, ಸ್ನೇಹ ಬೇಕಿತ್ತು. ವಾರ ಬಿಟ್ಟು ಅವರು ‘ಕೇಳಿದಿರಾ?’ ಅಂದಾಗ ಅಭ್ಯಾಸಬಲದಿಂದ ‘ತುಂಬಾ ಚೆನ್ನಾಗಿದೆ’ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ನನ್ನ ಬಾಯಿ ನಿಲ್ಲಬೇಕಲ್ಲ! ‘ಅದರಲ್ಲೂ ಆ ನಾಲ್ಕನೆಯ ಹಾಡಿನ ಸಾಹಿತ್ಯ ಇದೆಯಲ್ಲ, ಬಹಳ ಆಳ’ ಎಂದು ಸೇರಿಸಿದೆ. ರಿಸ್ ನನ್ನನ್ನು ಒಂದು ಕ್ಷಣ ನೋಡಿ, ತಲೆಯಾಡಿಸಿ ಹೋದರು.

ಇನ್ನು ಪಾರಿವಾಳದ ವಿಷಯ. ನಾವಿರುವ ಅಲ್ ಬರ್ಷಾ ಬಡಾವಣೆಯಲ್ಲಿ ಬಾಡಿಗೆ ಕಟ್ಟುವವರು ನಾವಾದರೂ ಬಾಲ್ಕನಿ ಪಾರಿವಾಳಗಳ ಸ್ವಾಧೀನದಲ್ಲಿರುತ್ತದೆ. ಏಸಿಯ ಹೊರಗಿನ ಪೆಟ್ಟಿಗೆಯ ಹಿಂದೆ ಗೂಡು, ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ ಸಭೆ. ನನ್ನ ಹೆಂಡತಿ ಶೈಲಜ ಇವುಗಳ ಮೇಲೆ ಎರಡು ವರ್ಷದಿಂದ ಯುದ್ಧ ಸಾರಿದ್ದಾಳೆ. ಅರಿಸಿನ ಎರಚಿದ್ದಾಯಿತು, ಪ್ಲಾಸ್ಟಿಕ್ ಗೂಬೆ ತಂದಿಟ್ಟದ್ದಾಯಿತು. ಗೂಬೆಯ ತಲೆಯ ಮೇಲೆ ಒಂದು ಪಾರಿವಾಳ ಕೂತು ನಿದ್ದೆ ಮಾಡಿತು. ಕೊನೆಗೆ ಮೈಸೂರಿನಲ್ಲಿರುವ ಅವಳ ಅಕ್ಕ ಫೋನಿನಲ್ಲಿ, ಹಳೇ ಸಿ.ಡಿ.ಗಳನ್ನು ದಾರದಲ್ಲಿ ಕಟ್ಟಿ ತೂಗುಹಾಕು, ಬಿಸಿಲಿಗೆ ಫಳಫಳ ಹೊಳೆದರೆ ಒಂದೂ ಹತ್ತಿರ ಸುಳಿಯುವುದಿಲ್ಲ ಎಂದು ಹೇಳಿಕೊಟ್ಟಳು. ನಮ್ಮ ಮದುವೆಯ ಸಿ.ಡಿ., ಯಾವುದೋ ಪ್ರಿಂಟರಿನ ಸಿ.ಡಿ., ಮಗಳ ನರ್ಸರಿ ಹಾಡುಗಳು, ಎಲ್ಲ ಬಾಲ್ಕನಿ ಸೇರಿದವು. ಪಾರಿವಾಳಗಳು ನಿಜಕ್ಕೂ ಕಡಿಮೆಯಾದವು. ನಾನು ಎಂದಿನಂತೆ ಚೆನ್ನಾಗಿದೆ ಅಂದೆ. ಎಣಿಸಿ ನೋಡಲಿಲ್ಲ.

ಒಂದು ಬುಧವಾರ ರಿಸ್ ನನ್ನನ್ನು ಕರೆದು ತಾವು ಕೆಲಸ ಬಿಡುತ್ತಿರುವುದಾಗಿ ಹೇಳಿದರು. ವೀಸಾ ಕ್ಯಾನ್ಸಲ್ ಮಾಡಲು ಕೊಟ್ಟಾಗಿದೆ, ಖಲಾಸ್, ಮುಂದಿನ ವಾರ ಊರಿಗೆ ಎಂದರು. ಆಮೇಲೆ, ಆ ಸಿ.ಡಿ. ತರುತ್ತೀರಾ, ನನ್ನ ಹಳೇ ಕಾರಿನಲ್ಲಿ ಪ್ಲೇಯರ್ ಇದೆ, ಮಾರುವ ಮೊದಲು ಒಮ್ಮೆ ಇಬ್ಬರೂ ಕೂತು ಕೇಳೋಣ ಅಂದರು. ಮನೆಗೆ ಬಂದು ಪುಸ್ತಕದ ಕಪಾಟಿನಿಂದ ಡಬ್ಬ ತೆಗೆದೆ. ಗುಡ್ಡವಿತ್ತು, ಕಾರ್ಖಾನೆಯಿತ್ತು, ಪುಟ್ಟ ಪುಸ್ತಕವಿತ್ತು. ಸಿ.ಡಿ. ಇರಲಿಲ್ಲ.

‘ಅಯ್ಯೋ, ಅದು ನಿಮ್ಮದಾ?’ ಎಂದಳು ಶೈಲಜ. ‘ಒಂದು ದಿನಾನಾದ್ರೂ ಮುಟ್ಟಿದ್ರಾ ನೀವು? ಆಫೀಸಲ್ಲಿ ಯಾರೋ ಸುಮ್ಮನೆ ಕೊಟ್ಟಿದ್ದು ಅನ್ಕೊಂಡೆ ಕಣ್ರೀ.’

ವೇಲ್ಸಿನ ರಾಕ್ ತಂಡ ನಮ್ಮ ಮದುವೆಯ ಪಕ್ಕದಲ್ಲೇ ತೂಗುತ್ತಿತ್ತು. ಐದು ವಾರದ ಬಿಸಿಲು, ಧೂಳು. ಪಾರಿವಾಳಗಳು ಹೆದರಿದ್ದು ಸುಳ್ಳು ಎನ್ನುವುದಕ್ಕೆ ಅದರ ಮೇಲೇ ಸಾಕ್ಷಿಯಿತ್ತು. ಪಾತ್ರೆಯ ಸೋಪಿನಲ್ಲಿ ತೊಳೆದು ಹತ್ತಿಬಟ್ಟೆಯಲ್ಲಿ ಒರೆಸಿದೆವು. ಮಗಳು ತನ್ನ ಪಾಠದಿಂದ ತಲೆ ಎತ್ತದೆ, ‘ಜಸ್ಟ್ ಟೆಲ್ ಹಿಮ್ ದ ಟ್ರುತ್, ಅಪ್ಪ’ ಅಂದಳು. ಹನ್ನೆರಡು ವರ್ಷದ ಮಕ್ಕಳಿಗೆ ಎಲ್ಲವೂ ಸುಲಭ.

ಮರುದಿನ ಆಫೀಸಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಅವರ ಕಾರಿನಲ್ಲಿ ಕೂತೆವು. ನಾನು ಮನಸ್ಸಿನಲ್ಲೇ ಚಾಮುಂಡಿಗೆ ಹರಕೆ ಹೊತ್ತೆ. ಮೊದಲ ಮೂರು ಹಾಡುಗಳು ಸರಾಗವಾಗಿ ಬಂದವು. ಹೇಳಲೇಬೇಕು, ಚೆನ್ನಾಗಿದ್ದವು. ಈ ಮಾತು ಈ ಸಲ ನಿಜ. ಹಾಡುವವನು ಹಾಡುತ್ತಿದ್ದಾನೋ ಯಾರೊಂದಿಗೋ ಜಗಳ ಮಾಡಿ ಸೋತು ಬಂದಿದ್ದಾನೋ ಎನ್ನುವಂತಿತ್ತು. ನಾಲ್ಕನೆಯದು ಶುರುವಾಯಿತು. ಗಿಟಾರ್, ಡ್ರಮ್ಸ್, ಮತ್ತೆ ಗಿಟಾರ್. ಇಡೀ ಹಾಡಿನಲ್ಲಿ ಒಂದೇ ಒಂದು ಮಾತಿಲ್ಲ.

ಬಹಳ ಆಳವಾದ ಆ ಸಾಹಿತ್ಯವನ್ನು ನಾನು ನಾಲ್ಕು ನಿಮಿಷ ತಲೆ ತಗ್ಗಿಸಿ ಕೇಳಿದೆ. ರಿಸ್ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಐದನೆಯದು ಬಂತು, ತೊದಲಿತು, ನಿಂತೇಹೋಯಿತು. ಅವರು ಸಿ.ಡಿ. ತೆಗೆದು ಹೊರಳಿಸಿ ನೋಡಿದರು. ‘ಬಿಸಿಲು’ ಅಂದೆ. ಅದು ಸುಳ್ಳಂತೂ ಅಲ್ಲ. ಅವರು ಸಿಟ್ಟಾಗಲಿಲ್ಲ. ಡಬ್ಬದಿಂದ ಪುಟ್ಟ ಪುಸ್ತಕ ತೆಗೆದು ಕೊನೆಯ ಪುಟ ಬಿಡಿಸಿ ನನ್ನ ಕೈಗೆ ಕೊಟ್ಟರು. ಅಲ್ಲಿ ಕೃತಜ್ಞತೆಗಳ ಪಟ್ಟಿಯಿತ್ತು. ಎಲ್ಲರಿಗಿಂತ ಮೊದಲು, ‘ನಮ್ಮ ಮೊದಲ ಡ್ರಮ್ಮರ್‌ಗೆ’ ಎಂದು ಬರೆದು ರಿಸ್ ಅವರ ಪೂರ್ತಿ ಹೆಸರಿತ್ತು.

‘ಹಾಡುಗಳು ಫೋನಿನಲ್ಲೇ ಸಿಗುತ್ತವೆ. ನಿಮಗೆ ಕೊಟ್ಟದ್ದು ಈ ಪುಟ ನೋಡಲಿ ಅಂತ. ನಾನೇ ಹೇಳಿಕೊಳ್ಳುವುದಕ್ಕೆ ಸಂಕೋಚವಾಯಿತು’ ಅಂದರು.

ಮೀಟಿಂಗಿನಲ್ಲಿ ಅವರು ಎರಡು ಬೆರಳಿನಿಂದ ಮೇಜು ಕುಟ್ಟುತ್ತಿದ್ದುದನ್ನು ನಾವೆಲ್ಲ ಸಿಟ್ಟೆಂದು ತಿಳಿದು ಬೇಗಬೇಗ ವರದಿ ಒಪ್ಪಿಸುತ್ತಿದ್ದೆವು. ಸಿ.ಡಿ. ಹಾಳಾದದ್ದಕ್ಕಿಂತ ನನ್ನನ್ನು ಚುಚ್ಚಿದ್ದು ಇದು. ಇಷ್ಟು ದಿನ ಮನೆಯಲ್ಲಿದ್ದರೂ ಆ ಪುಟವನ್ನು ನಾನು ತೆರೆಯಲಿಲ್ಲ. ತಂಡವನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. ಅಬುಧಾಬಿಯಲ್ಲಿ ಕೆಲಸ ಸಿಕ್ಕಿತು, ಎರಡು ವರ್ಷ ಅಂದುಕೊಂಡು ಬಂದೆ ಎಂದರು. ಆಲ್ಬಂ ಆಮೇಲೆ ಬಂತಂತೆ. ‘ನೀವು? ಇಲ್ಲಿಗೆ ಬರುವಾಗ ಏನನ್ನು ಬಿಟ್ಟು ಬಂದಿರಿ?’ ಅಂದರು.

ಇಲ್ಲಿನ ಕನ್ನಡ ಸಂಘದ ಸಭೆಗಳಲ್ಲಿ ಮೈಕು ಸಿಕ್ಕಿದರೆ ‘ಎಷ್ಟೆಲ್ಲ ಬಿಟ್ಟು ಬಂದಿದ್ದೇವೆ’ ಎಂದು ಕಣ್ಣೊರೆಸಿಕೊಳ್ಳುವವನು ನಾನು. ಈಗ ಎಷ್ಟು ತಡಕಾಡಿದರೂ ಒಂದು ಸ್ಕೂಟರ್ ಬಿಟ್ಟು ಬೇರೇನೂ ಹೊಳೆಯಲಿಲ್ಲ. ಸ್ಕೂಟರ್ ಅನ್ನಲು ಬಾಯಿ ಬರಲಿಲ್ಲ. ‘ಬರೆಯುತ್ತಿದ್ದೆ’ ಅಂದುಬಿಟ್ಟೆ. ನಾನು ಬರೆದದ್ದು ಕಾಲೇಜು ಹಾಸ್ಟೆಲಿನ ಸಾರಿನ ಬಗ್ಗೆ ವಾರ್ಡನ್ನರಿಗೆ ಒಂದೇ ಒಂದು ದೂರು. ಅದಕ್ಕೆ ಎಂಬತ್ತು ಜನ ಸಹಿ ಹಾಕಿದ್ದರು ಅನ್ನುವುದೇನೋ ಹೌದು. ರಿಸ್ ಮುಖ ಅರಳಿತು. ‘ಹಾಗಾದರೆ ಬಿಡಬೇಡಿ. ಏನಾದರೂ ಬರೆದು ಕಳಿಸಿ, ನಿಮ್ಮ ಭಾಷೆಯಲ್ಲೇ’ ಎಂದು ಕೈ ಕುಲುಕಿದರು.

ಹೋದವರು ಸುಮ್ಮನಿರಲಿಲ್ಲ. ಊರು ತಲುಪಿ ಎರಡು ಸಲ ನೆನಪಿಸಿದರು. ವಿಧಿಯಿಲ್ಲದೆ ಕೂತೆ. ಕಲ್ಪಿಸಿ ಬರೆಯಲು ಬಾರದ್ದರಿಂದ ನಡೆದದ್ದನ್ನೇ ಇದ್ದಂತೆ ಬರೆದೆ. ಹೇಗೂ ಅವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯ. ನಿನ್ನೆ ಅವರ ಮೆಸೇಜು ಬಂತು. ಅವರ ಊರಿನ ಆಸ್ಪತ್ರೆಯಲ್ಲಿ ಮಂಗಳೂರಿನ ನರ್ಸೊಬ್ಬರು ಇದ್ದಾರಂತೆ, ನಾನು ಬರೆದದ್ದನ್ನು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಓದಿ ಹೇಳಲು ಒಪ್ಪಿದ್ದಾರಂತೆ. ಪಾರಿವಾಳದ ವಿಷಯ ನಾನು ರಿಸ್‌ಗೆ ಇನ್ನೂ ಹೇಳಿರಲಿಲ್ಲ.

‘ಆ ಭಾಗ ತೆಗೆದುಬಿಡಿ’ ಎಂದಳು ಶೈಲಜ. ತೆಗೆದೂ ನೋಡಿದೆ. ಆಗ ಉಳಿಯುವುದು ನಾನು ಎಷ್ಟು ಸಂಭಾವಿತ ಎಂದು ಹೇಳುವ ಒಂದೂವರೆ ಪುಟ. ಅದನ್ನು ಮತ್ತೆ ಮೊದಲಿದ್ದಂತೆಯೇ ಮಾಡಿ ಇವತ್ತು ಬೆಳಿಗ್ಗೆ ಕಳಿಸಿದೆ. ಮಧ್ಯಾಹ್ನವಾಯಿತು, ಇನ್ನೂ ಉತ್ತರವಿಲ್ಲ. ಅವರು ಏನಾದರೂ ಬೈದು ಬರೆದರೆ ಸಾಕು. ‘ಚೆನ್ನಾಗಿದೆ’ ಎಂದು ಮಾತ್ರ ಬರೆಯದಿರಲಿ.