ಇಪ್ಪತ್ತೆರಡು ಅಡಿ ದೂರದ ಅಮ್ಮ

ಮನುಷ್ಯ ಮನುಷ್ಯರ ನಡುವಿನ ದೂರವನ್ನು ಕಡಿಮೆ ಮಾಡುವುದೇ ನಾಗರಿಕತೆಯ ಪರಮ ಗುರಿಯೆಂದು ತಿಳಿದವರು ಹೇಳುತ್ತಾರೆ. ಇರಬಹುದು. ನಮ್ಮ ಭಾವನಿಗೂ ಅವರ ತಾಯಿಗೂ ನಡುವಿನ ದೂರ ಇಪ್ಪತ್ತೆರಡು ಅಡಿ ಮೂರು ಅಂಗುಲ. ಟೇಪಿನ ಇನ್ನೊಂದು ತುದಿ ಹಿಡಿದವನು ನಾನೇ ಆದ್ದರಿಂದ ಈ ವಿಷಯದಲ್ಲಿ ಯಾರೂ ನನ್ನೊಡನೆ ವಾದಕ್ಕೆ ಬರಬೇಕಾಗಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಬೇಡ. ಅವರೂ ಓದುತ್ತಾರೆ, ಓದಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಜಯನಗರದ ಅಷ್ಟೂ ಬ್ಲಾಕುಗಳನ್ನು ಜಾಲಾಡಿದರೂ, ಹೆತ್ತ ತಾಯಿಯ ಒಂದು ಫೋಟೋ ತೆಗೆಯಲು ಎರಡು ವರ್ಷ ಹಿಡಿಸಿದ ಇನ್ನೊಬ್ಬ ಮನುಷ್ಯ ಸಿಗಲಾರ. ಅದೂ ಕೈಯಲ್ಲಿ ಕ್ಯಾಮೆರಾ ಇದ್ದು, ಮನೆಯಲ್ಲಿ ತಾಯಿ ಇದ್ದು, ತಾಯಿಯೇ "ತೆಗಿಯೋ, ತೆಗಿಯೋ" ಎಂದು ದುಂಬಾಲು ಬಿದ್ದು!

ಭಾವನಿಗೆ ಎರಡು ವಸ್ತುಗಳಲ್ಲಿ ಒಂದನ್ನು ಆರಿಸು ಎಂದರೆ ಜ್ವರ ಬರುತ್ತಿತ್ತು. ಛತ್ರಿ ಕೊಳ್ಳಲು ಹೊರಟು, ಬಾಗಿದ ಹಿಡಿಯದೋ ನೆಟ್ಟಗಿನ ಹಿಡಿಯದೋ ಎಂದು ತೂಗಿ ನೋಡುವುದರೊಳಗೆ ಮಳೆಗಾಲವನ್ನೇ ಮುಗಿಸಿದ ಮಹನೀಯರು. ಅಕ್ಕನನ್ನು ನೋಡಿಕೊಂಡು ಹೋದ ಮೇಲೂ "ಇನ್ನೂ ಯೋಚಿಸ್ತಾ ಇದೀನಿ" ಎಂದೇ ಹೇಳಿ ಕಳಿಸುತ್ತಿದ್ದರಂತೆ. ಅಷ್ಟರಲ್ಲಿ ಹಿರಿಯರು ಮದುವೆ ಮುಗಿಸಿಬಿಟ್ಟರು. "ಈಗ್ಲೂ ಯೋಚಿಸ್ತಾ ಇದಾರೇನೋ ಕಣೋ, ನಾನು ಕೇಳೋಕೆ ಹೋಗಿಲ್ಲ" ಎನ್ನುತ್ತಾಳೆ ಅಕ್ಕ.

ಇಂಥವರಿಗೆ ಅವರ ತಾಯಿ ಒಂದು ಬೆಳಿಗ್ಗೆ ಒಂದು ಕೆಲಸ ಹೇಳಿದರು. ಮನೆಯವರೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದರು. ನಾನೂ ಹಾಗೇ ಎನ್ನುತ್ತಿದ್ದೆ. ಅಮ್ಮನ ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು. ಆಪರೇಷನ್ ಎಂದರೆ "ಕಣ್ಣಿಗೆ ಚಾಕು ಹಾಕಿಸ್ಕೊಳ್ಳೋಕೆ ನನಗೇನು ಹುಚ್ಚೇ?" ಎನ್ನುತ್ತಿದ್ದರು. ಪುಸ್ತಕವನ್ನು ಮೂಗಿಗೆ ತಾಗಿಸಿದರೆ ಅಕ್ಷರ ಕಾಣುತ್ತಿತ್ತು. ಕನ್ನಡಿಯನ್ನು ಮೂಗಿಗೆ ತಾಗಿಸಿದರೆ ಮೂಗೊಂದೇ ಕಾಣುತ್ತಿತ್ತು.

"ನನ್ನ ಮುಖ ಹೇಗಿದೆ ಅಂತ ನನಗೇ ಮರೆತು ಹೋಗ್ತಾ ಇದೆ ಕಣೋ," ಎಂದರು ಮಗನಿಗೆ. "ಪೂರ್ತಿ ಮಂಜಾಗೋಕ್ಮುಂಚೆ ಒಂದ್ಸಲ ನೋಡ್ಕೋಬೇಕು. ದೊಡ್ಡದಾಗಿ ಒಂದು ಫೋಟೋ ತೆಗಿ."

ಅಲ್ಲಿಯವರೆಗೆ ಅಮ್ಮನ ಫೋಟೋ ಎಂದು ಇದ್ದದ್ದು ಒಂದೇ. ಅಕ್ಕ-ಭಾವನ ಮದುವೆಯ ಗುಂಪಿನಲ್ಲಿ, ಯಾರದೋ ಮೈಸೂರು ಪೇಟದ ಹಿಂದೆ. ಕಾಣುವುದು ಒಂದು ಕಿವಿ.

ಇದರಲ್ಲಿ ಕಷ್ಟವೇನು ಎನ್ನುತ್ತೀರಿ. ಅಮ್ಮನದೊಂದು ಷರತ್ತಿತ್ತು. "ಪೂಜೆಗೆ ಕೂತಾಗ ತೆಗಿ. ರೇಷ್ಮೆ ಸೀರೆ ಉಟ್ಕೊಂಡು ಆಗೊಂದಿಷ್ಟು ಮನುಷ್ಯರ ಹಾಗಿರ್ತೀನಿ. ಮಿಕ್ಕ ಹೊತ್ತು ನನ್ನ ಅವತಾರ ನಾನೇ ನೋಡಬಾರದು." ಆದರೆ ಪೂಜೆಯ ಹೊತ್ತು ಎಂದರೆ ಮಡಿಯ ಹೊತ್ತು. ಅಮ್ಮನ ಮಡಿ ಸಾಮಾನ್ಯದ್ದಲ್ಲ! ಆ ಎರಡು ಗಂಟೆ ಅವರನ್ನು ಮುಟ್ಟುವುದಿರಲಿ, ಅವರಿದ್ದ ಕಡೆ ಗಾಳಿ ಕೂಡ ಸ್ನಾನ ಮಾಡಿಯೇ ಬೀಸಬೇಕಿತ್ತು.

"ನಾನೂ ಸ್ನಾನ ಮಾಡಿ, ಮಡಿ ಉಟ್ಕೊಂಡು ಬರ್ತೀನಮ್ಮ," ಎಂದರು ಭಾವ.

"ನೀನು ಮಾಡ್ತೀಯ. ಅದು ಮಾಡತ್ತಾ?" ಎಂದು ಅಮ್ಮ ಕ್ಯಾಮೆರಾದ ಕಡೆ ಕೈ ತೋರಿಸಿದರು.

ಭಾವ ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡುತ್ತ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದರು. ಅಕ್ಕ ಅದನ್ನು ಅವರ ಕೈಯಿಂದ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಅಮ್ಮನ ಮುಖ್ಯ ಆಕ್ಷೇಪಣೆ ಇದ್ದದ್ದು ಅದರ ತೊಗಲಿನ ಚೀಲಕ್ಕೆ. ಅಕ್ಕ ರೇಷ್ಮೆಯ ರವಿಕೆ ಕಣದಲ್ಲಿ, ಜರಿ ಅಂಚಿನ ಸಮೇತ, ಬೇರೊಂದು ಚೀಲ ಹೊಲಿದುಕೊಟ್ಟಳು. ಈ ಹಂತದಲ್ಲಿ ಭಾವ ಸುಮ್ಮನಿರಬಾರದೇ? ಯಾವುದೋ ಪುಸ್ತಕ ತೆರೆದು, ಫಿಲಂ ಮೇಲಿನ ಲೇಪವನ್ನು ಮೂಳೆಯ ಅಂಟಿನಿಂದ ಮಾಡುತ್ತಾರೆಂದು ಕಂಡುಹಿಡಿದು, ಊಟಕ್ಕೆ ಕೂತಾಗ ಜೋರಾಗಿ ಓದಿದರು! ತೀರ್ಪು ಹೊರಬಿತ್ತು. ಕ್ಯಾಮೆರಾ ತಲೆಬಾಗಿಲಿನ ಹೊಸ್ತಿಲು ದಾಟುವ ಹಾಗಿಲ್ಲ. ತಲೆಬಾಗಿಲಿನಿಂದ ನಡುವಿನ ಹಾಲ್ ಹಾದು ದೇವರ ಮನೆಗೆ ನೇರ ನೋಟ. ಆ ನೋಟದ ಉದ್ದವೇ ಮೇಲೆ ಹೇಳಿದ ಇಪ್ಪತ್ತೆರಡು ಅಡಿ ಮೂರು ಅಂಗುಲ.

ಅಲ್ಲಿಂದಲೇ ಒಂದು ತೆಗೆದದ್ದೂ ಆಯಿತು. ಪ್ರಿಂಟಿನಲ್ಲಿ ಹಾಲಿನ ಗೋಡೆಯ ಕ್ಯಾಲೆಂಡರ್ ಇತ್ತು, ರೇಡಿಯೋ ಇತ್ತು, ಪತ್ರಿಕೆ ಓದುತ್ತಿದ್ದ ಭಾವನ ತಂದೆ ಇದ್ದರು. (ಅವರು ಇಡೀ ದಿನ ಪತ್ರಿಕೆಯನ್ನೇ ಓದುತ್ತಿದ್ದರು. ಈ ಪ್ರಬಂಧದಲ್ಲಿ ಅವರಿಗೆ ಬೇರೆ ಕೆಲಸವಿಲ್ಲ.)

"ಇದರಲ್ಲಿ ನಾನೆಲ್ಲೋ?" ಎಂದರು ಅಮ್ಮ, ಫೋಟೋವನ್ನು ಮೂಗಿಗೆ ಹಿಡಿದು.

"ಇಗೋ, ದೀಪದ ಪಕ್ಕ."

"ಅದು ತಂಬಿಗೆ ಅಲ್ವೇನೋ?"

ದೂರದ್ದನ್ನು ಹತ್ತಿರ ತರುವ ಲೆನ್ಸ್ ಬೇಕೆಂದು ಹೀಗೆ ನಿರ್ಧಾರವಾಯಿತು. ಭಾವನ ಜೀವನದಲ್ಲಿ ಬೇಗ ಆದ ನಿರ್ಧಾರ ಅದೊಂದೇ. ಕಂಟೋನ್ಮೆಂಟ್ ಕಡೆಯ ದೊಡ್ಡ ಅಂಗಡಿಗೆ ಹೋಗಿ ಹೊಸದರ ಬೆಲೆ ಕೇಳಿದೆವು. ಅವರು ಹೇಳಿದರು. ನಾವು ಒಂದು ಲೋಟ ನೀರು ಕೇಳಿ ಕುಡಿದು ಬಂದೆವು. ಆಮೇಲೆ ಯಾರೋ ತಿಲಕ್ ನಗರದ ಒಬ್ಬ ಸಾಹೇಬರ ಗುರುತು ಹೇಳಿದರು. ಮನೆಯ ಮುಂದಿನ ಕೋಣೆಯಲ್ಲೇ ಕ್ಯಾಮೆರಾ, ಗಡಿಯಾರ ರಿಪೇರಿ ಮಾಡುತ್ತಿದ್ದ ವಯಸ್ಸಾದವರು. ಭಾವನದು ರಷ್ಯಾದ ಹಳೆಯ ಕ್ಯಾಮೆರಾ. ಅದಕ್ಕೆ ಹೊಂದುವ, ನಮ್ಮ ಕೈಗೂ ಎಟಕುವ ಸೆಕೆಂಡ್‌ಹ್ಯಾಂಡ್ ಲೆನ್ಸ್ ಅವರ ಬಳಿ ಎರಡಿದ್ದವು. ಒಂದೇ ಇದ್ದಿದ್ದರೆ ಈ ಪ್ರಬಂಧಕ್ಕೆ ಕಾರಣವಿರಲಿಲ್ಲ.

ಒಂದು ಗಿಡ್ಡ, ಒಂದು ಉದ್ದ. ಗಿಡ್ಡದಕ್ಕೆ ಬಾಯಿ ಅಗಲ, ಬೆಳಕು ಧಾರಾಳವಾಗಿ ಒಳಗೆ ಬಿಡುತ್ತದೆ. ಆದರೆ ಅಮ್ಮನನ್ನು ಅರ್ಧ ದೂರಕ್ಕೆ ಮಾತ್ರ ತರುತ್ತದೆ. ಉದ್ದದ್ದು ಅಮ್ಮನನ್ನು ಪೂರ್ತಿ ಹತ್ತಿರ ತರುತ್ತದೆ. ಆದರೆ ಬೆಳಕಿನ ವಿಷಯದಲ್ಲಿ ಮಹಾ ಜಿಪುಣ. ದೇವರ ಮನೆಯಲ್ಲಿ ಇದ್ದದ್ದು ಎರಡು ಎಣ್ಣೆ ದೀಪ. ಫ್ಲ್ಯಾಶ್ ಹಾಕೋಣವೆಂದರೆ "ದೇವರ ಕಣ್ಣಿಗೆ ಕುಕ್ಕತ್ತೆ" ಎಂದು ಅಮ್ಮ ಒಪ್ಪಲಿಲ್ಲ. ಅಂದರೆ, ಕಾಣುವ ಚಿಕ್ಕ ಅಮ್ಮನೋ, ಕಾಣದ ದೊಡ್ಡ ಅಮ್ಮನೋ? ನೀವೇ ಹೇಳಿ.

"ಭಾವ, ಯಾವುದಾದರೂ ಒಂದು ತಗೊಂಡ್ಬಿಡಿ," ಎಂದೆ.

"ಯಾವುದಾದರೂ ಅನ್ನೋ ಲೆನ್ಸ್ ಅವರ ಹತ್ರ ಇಲ್ಲ ಕಣಯ್ಯ. ಗಿಡ್ಡದ್ದು ಇದೆ, ಉದ್ದದ್ದು ಇದೆ."

ನಡುವಣದ್ದು ಒಂದು ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು ಕೂಡ. ಭಾವನ ಮುಖ ಅರಳಿತು. ಆದರೆ ಅದರ ತಿರುಪಿನ ಮರೆ ಬೇರೆ ಕ್ಯಾಮೆರಾದ್ದು, ಇದಕ್ಕೆ ಕೂರದು. "ಸ್ವಲ್ಪ ಒತ್ತಿ ತಿರುಗಿಸಿದ್ರೆ ಹೋಗತ್ತಾ?" ಎಂದು ಕೇಳಿದರು. "ಹೋಗತ್ತೆ ಸಾರ್," ಎಂದರು ಸಾಹೇಬರು, "ಆಮೇಲೆ ಬರಲ್ಲ."

ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಾವಿಬ್ಬರೂ ತಿಲಕ್ ನಗರಕ್ಕೆ ಹೋಗತೊಡಗಿದೆವು. ಭಾವ ಎರಡು ಲೆನ್ಸುಗಳನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುವುದು, ಸಾಹೇಬರು ಯಾರದೋ ಗಡಿಯಾರ ಬಿಚ್ಚುವುದು, ಒಳಗಿನಿಂದ ಚಹಾ ಬರುವುದು, ನಾವು ಕುಡಿದು ಏಳುವುದು. ಅವರ ಮನೆಯ ಎರಡು ರಂಜಾನಿನ ಶ್ಯಾವಿಗೆ ಪಾಯಸ ಕುಡಿದೆವು; ಲೆನ್ಸ್ ಕೊಳ್ಳಲಿಲ್ಲ. ಕೊನೆಗೆ ಸಾಹೇಬರೇ, "ಸಾರ್, ನೀವು ಎರಡೂ ಮನೆಗೆ ತಗೊಂಡೋಗಿ, ಒಂದಿನ ಇಟ್ಕೊಂಡು ನೋಡಿ. ನನಗೆ ನಿಮ್ಮೇಲೆ ನಂಬಿಕೆ ಇದೆ. ನೀವು ಕಳ್ಳತನ ಮಾಡೋಕೂ ಯೋಚನೆ ಮಾಡೋರು" ಎಂದು ಕೊಟ್ಟು ಕಳಿಸಿದರು.

ಪರೀಕ್ಷೆಗೆ ಪ್ರತಿ ಸಲವೂ ಅಮ್ಮನನ್ನು ಕೂರಿಸಲಾದೀತೇ? ಭಾವ ಒಂದು ಪ್ರತಿನಿಧಿಯನ್ನು ಸಿದ್ಧಪಡಿಸಿದರು. ದೇವರ ಮನೆಯ ಬಾಗಿಲಲ್ಲಿ ಮಣೆ, ಮಣೆಯ ಮೇಲೆ ಹಿತ್ತಾಳೆ ಕೊಡ, ಕೊಡದ ಮೇಲೆ ತೆಂಗಿನಕಾಯಿ, ಅದಕ್ಕೆ ಅಕ್ಕನ ರೇಷ್ಮೆ ಸೀರೆಯನ್ನು ನೆರಿಗೆ ಹಿಡಿದು ಉಡಿಸಿ, ಫೋಕಸ್ ಮಾಡಲು ಗುರುತು ಬೇಕೆಂದು ಕಾಯಿಗೆ ಕಣ್ಣು, ಮೂಗು, ಕುಂಕುಮ. ಅಳತೆ ಅಮ್ಮನದೇ.

ಭಾವ ತಲೆಬಾಗಿಲಲ್ಲಿ ಒಂದು ಕಣ್ಣು ಮುಚ್ಚಿ ನಿಂತಿದ್ದಾಗ ಎದುರು ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದರು. ಒಳಗೆ ಕಣ್ಣು ಹಾಯಿಸಿದರು. ತಕ್ಷಣ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದರು!

"ಇವತ್ತು ಯಾವ ವ್ರತಾರೀ? ನನಗೆ ಗೊತ್ತೇ ಇರ್ಲಿಲ್ವಲ್ಲ!"

ಅಕ್ಕ ಭಾವನನ್ನು ನೋಡಿದಳು. ಭಾವ ನನ್ನನ್ನು ನೋಡಿದರು. ನಾನು ಪತ್ರಿಕೆ ಓದುತ್ತಿದ್ದವರನ್ನು ನೋಡಿದೆ. ಬೇರೆ ದಾರಿಯಿಲ್ಲದೆ ಅಕ್ಕ ಅವರಿಗೆ ಅರಿಶಿನ ಕುಂಕುಮ, ಎರಡು ಬಾಳೆಹಣ್ಣು ಕೊಟ್ಟಳು. ಸಂಜೆಯ ಹೊತ್ತಿಗೆ ಬೀದಿಯ ಇನ್ನೂ ಐದು ಜನ ಮುತ್ತೈದೆಯರು ಬಂದು ಹೋದರು. ಒಬ್ಬರು ಹಾಡನ್ನೂ ಹೇಳಿದರು. ಅಮ್ಮ ಕಣ್ಣು ಕಿರಿದು ಮಾಡಿ, "ಅಲ್ಲಿ ಕೂತಿರೋದು ಯಾರೇ?" ಎಂದು ಅಕ್ಕನನ್ನು ಕೇಳಿದರು. "ನೀವೇ ಅತ್ತೆ," ಎಂದಳು ಅಕ್ಕ. ಅಮ್ಮ ನಕ್ಕರು. ಆದರೆ ಆರು ತಿಂಗಳ ಹಿಂದಾಗಿದ್ದರೆ ಅವರಿಗೆ ಅದು ಮನುಷ್ಯರಲ್ಲ ಎಂದಾದರೂ ಅಷ್ಟು ದೂರದಿಂದಲೇ ತಿಳಿಯುತ್ತಿತ್ತು. ಭಾವ ಆ ದಿನ ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ.

ಮುಂದಿನ ಭಾನುವಾರ ತಿಲಕ್ ನಗರಕ್ಕೆ ಎರಡನ್ನೂ ಹಿಂದಿರುಗಿಸಿ, "ಇನ್ನೊಂದೇ ವಾರ" ಎಂದರು. ಆ ವಾರ ಮುಗಿಸಿ ಹೋದರೆ ಮೇಜಿನ ಮೇಲೆ ಉದ್ದದ್ದು ಒಂದೇ ಇತ್ತು.

"ಮೊನ್ನೆ ಒಬ್ರು ಬಂದ್ರು ಸಾರ್. ಐದು ನಿಮಿಷ ನೋಡಿದ್ರು. ಗಿಡ್ಡದ್ದು ತಗೊಂಡು ಹೋದ್ರು."

"ಐದು ನಿಮಿಷ!" ಭಾವ ಕುರ್ಚಿಯಲ್ಲಿ ಕುಸಿದರು. "ಅಂಥವರ ಕೈಗೆ ಲೆನ್ಸ್ ಕೊಡ್ತಾರೇನ್ರೀ?"

ಎರಡು ವರ್ಷದ ಚಿಂತನೆಗೆ ಹೀಗೆ ಯಾರೋ ಅಪರಿಚಿತ ಉತ್ತರ ಬರೆದು ಹೋಗಿದ್ದ. ಉದ್ದದ್ದನ್ನು ತಂದೆವು.

ಈ ಬಗೆಯ ಕ್ಯಾಮೆರಾದಲ್ಲಿ ನೋಡುವ ಕಿಟಕಿಯೇ ಬೇರೆ, ಚಿತ್ರ ಬೀಳುವ ಲೆನ್ಸೇ ಬೇರೆ. ಉದ್ದದ ಲೆನ್ಸಿಗೆ ಎಷ್ಟು ಹಿಡಿಯುತ್ತದೆಂದು ನೋಡಲು ಇನ್ನೊಂದು ಪುಟ್ಟ ಕಿಟಕಿ ಕೊಳ್ಳಬೇಕು. ಅದರಲ್ಲಿಯೂ ಎರಡು ನಮೂನೆ ಇವೆಯೆಂದು ತಿಳಿದಾಗ ನಾನು ಭಾವನ ತೋಳು ಹಿಡಿದು ರಸ್ತೆಗೆ ಎಳೆದುಕೊಂಡು ಬಂದೆ. ಮದುವೆಯ ಕರೆಯೋಲೆಯೊಂದರಲ್ಲಿ ಬ್ಲೇಡಿನಿಂದ ಚೌಕ ಕೊರೆದು, ಕ್ಯಾಮೆರಾದ ತಲೆಗೆ ಅಂಟಿಸಿ ಕೆಲಸ ನಡೆಸಿದೆವು.

ಮೊದಲ ದಿನ ಅಮ್ಮ ಎರಡು ಗಂಟೆ ಅಲ್ಲಾಡದೆ ಕೂತರು. ಭಾವ ಹೊಸ್ತಿಲ ಹೊರಗೆ ಮಂಡಿಯೂರಿ ಇಡೀ ರೀಲು ಮುಗಿಸಿದರು. ತೊಳೆದು ನೋಡಿದರೆ ಏನೂ ಇಲ್ಲ. ಸ್ಟುಡಿಯೋದವನು, "ಸಾರ್, ಇದು ಅಮಾವಾಸ್ಯೇಲಿ ತೆಗೆದಿದ್ದಾ?" ಎಂದು ಕೇಳಿದ. ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ. ನೋಡುವ ಕಿಟಕಿ ಬೇರೆಯಾದ್ದರಿಂದ ಭಾವನಿಗೆ ಎರಡು ಗಂಟೆಯೂ ಅಮ್ಮ ಸೊಗಸಾಗಿ ಕಂಡಿದ್ದರು!

ಎರಡನೆಯ ಸಲ ಮುಚ್ಚಳವನ್ನು ತೆಗೆದು ನನ್ನ ಜೇಬಿಗೆ ಹಾಕಿ, ಜೇಬಿಗೆ ಪಿನ್ನು ಚುಚ್ಚಿದರು. ಬೆಳಗಿನ ಏಳೂವರೆ ಇರಬೇಕು. ತಲೆಬಾಗಿಲು ಪೂರ್ವಕ್ಕಿತ್ತು, ಭಾವನ ಬೆನ್ನಿಗೆ ಬಿಸಿಲು, ಒಳಗೆ ದೇವರ ಮನೆಯಲ್ಲಿ ಕತ್ತಲು. ಈ ಕ್ಯಾಮೆರಾದ ಕಿಟಕಿಯಲ್ಲಿ ಎದುರಿನವರು ಮೊದಲು ಇಬ್ಬರಾಗಿ ಕಾಣುತ್ತಾರೆ. ಉಂಗುರ ತಿರುಗಿಸುತ್ತ ಹೋದರೆ ಆ ಎರಡು ಬಿಂಬ ಒಂದರ ಮೇಲೊಂದು ಕೂತು ಒಂದಾಗುತ್ತವೆ. ಆಗಲೇ ಚಿತ್ರ ಸ್ಪಷ್ಟ. ಆ ಕತ್ತಲಲ್ಲಿ ಎಷ್ಟು ತಿರುಗಿಸಿದರೂ ಅಮ್ಮ ಒಂದಾಗಲಿಲ್ಲ.

"ಅಲ್ಲಾಡಬೇಡಮ್ಮ! ನೀನು ಇಬ್ಬರಾಗಿ ಕಾಣ್ತಾ ಇದೀಯ!"

ಒಳಗಿನಿಂದ ಅಮ್ಮ ಎಂದರು, "ನನಗೂ ನೀನು ಇಬ್ಬರಾಗೇ ಕಾಣೋದು ಕಣೋ. ಒಂದು ವರ್ಷ ಆಯ್ತು."

ಭಾವ ಕಣ್ಣಿನಿಂದ ಕ್ಯಾಮೆರಾ ತೆಗೆದರು. ಪತ್ರಿಕೆ ಓದುತ್ತಿದ್ದವರು ಪತ್ರಿಕೆ ಕೆಳಗಿಟ್ಟರು.

ಅಮ್ಮ ಮಣೆಯಿಂದ ಎದ್ದರು. ಮಡಿಯ ರೇಷ್ಮೆ ಸೀರೆಯಲ್ಲೇ, ಗೋಡೆಯ ಮೇಲೆ ಕೈಯಾಡಿಸುತ್ತ, ಹಾಲಿನ ಕಡೆ ನಡೆದು ಬಂದರು. ಭಾವ ಗಾಬರಿಯಿಂದ ಕ್ಯಾಮೆರಾ ಎತ್ತಿ ಉಂಗುರ ತಿರುಗಿಸಿದರು. ಅಮ್ಮ ಬಂದಷ್ಟೂ ತಿರುಗಿಸಿದರು. ಎಂಟು ಅಡಿಗಿಂತ ಹತ್ತಿರದ್ದು ಆ ಉದ್ದದ ಲೆನ್ಸಿಗೆ ಕಾಣುವುದಿಲ್ಲ. ಉಂಗುರ ಅಲ್ಲಿಗೆ ನಿಂತುಬಿಟ್ಟಿತು. ಅಮ್ಮ ನಿಲ್ಲಲಿಲ್ಲ. ಭಾವ ಹಿಂದಕ್ಕೆ ಹೆಜ್ಜೆಯಿಟ್ಟರು, ಮೆಟ್ಟಿಲಿಳಿದರು, ಅಂಗಳಕ್ಕೆ ಬಂದರು.

"ಅಲ್ಲೇ ನಿಲ್ಲಮ್ಮ! ಹತ್ರ ಬರಬೇಡ!"

"ಅದು ನಾನು ಹೇಳೋ ಮಾತು ಕಣೋ!" ಅಮ್ಮ ಹೊಸ್ತಿಲು ದಾಟಿದರು. "ನೀನು ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ದೂರ ನಿಲ್ಲು, ದೂರ ನಿಲ್ಲು ಅಂತ ಅಂದಿದೀನಿ. ಇವತ್ತು ನಾನೇ ಬರ್ತಾ ಇದೀನಿ, ನೀನು ಓಡ್ತೀಯಲ್ಲೋ!"

ಭಾವನ ಬೆನ್ನು ಗೇಟಿಗೆ ತಾಗಿತು. ಇನ್ನು ಹಿಂದೆ ಜಾಗವಿರಲಿಲ್ಲ. ಅಮ್ಮ ಬಾಗಿಲ ಮುಂದೆ, ಪೂರ್ತಿ ಬಿಸಿಲಿನಲ್ಲಿ, ನಗುತ್ತ ನಿಂತಿದ್ದರು. ಭಾವ ಯೋಚಿಸಲಿಲ್ಲ. ಒಂದು ಸಲ ಒತ್ತಿದರು.

ಅಮ್ಮ ಮೆಟ್ಟಿಲಿಳಿದು ಉಳಿದ ಎಂಟು ಅಡಿಯನ್ನೂ ನಡೆದು ಬಂದು, ಮಗನ ಗಲ್ಲ ಹಿಡಿದು, ಮುಖವನ್ನು ಮುಖದ ಹತ್ತಿರ ತಂದು ನೋಡಿದರು. "ಈಗ ಒಬ್ಬನೇ," ಎಂದರು.

ಆಮೇಲೆ ಮತ್ತೆ ಸ್ನಾನ ಮಾಡಿದರು. ಪೂಜೆ ಮುಗಿದಾಗ ಹತ್ತೂವರೆ. ಸ್ಟುಡಿಯೋದವನು ನಾಲ್ಕನೆಯ ದಿನ ಫೋಟೋ ದೊಡ್ಡದು ಮಾಡಿ ಕೊಟ್ಟ. ಅಮ್ಮ ಅದನ್ನು ಕಿಟಕಿಯ ಬಳಿ ಒಯ್ದು ನೋಡಿದರು. ಕಾಣಿಸಿತು.